ಸೆಕ್ರೆಟರಿ ಜಯಕೀರ್ತಿಯವರ ಗ್ರೌಂಡು

ಕಾರ್ಗಲ್ಲಿನ ಹೋಟೆಲಿನಲ್ಲಿ ಹೊಸಬನೊಬ್ಬ ಸಿಕ್ಕರೆ ಸಾಕು, ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಸೆಕ್ರೆಟರಿ ಜಯಕೀರ್ತಿಯವರು ಕ್ಲಬ್ಬಿನ ಚರಿತ್ರೆ ಶುರುಮಾಡುತ್ತಾರೆ. ಅವರ ಪ್ರಕಾರ ಸಾಗರದವರೆದುರು ಸೋತದ್ದು ಮಳೆಯಿಂದ, ಹೊಸನಗರದವರೆದುರು ಸೋತದ್ದು ರೆಫರಿಯಿಂದ, ಮಿಕ್ಕಿದ್ದೆಲ್ಲ ನನ್ನಿಂದ. ಸುಳ್ಳಲ್ಲ, ಓಡಲಾರೆನೆಂದೇ ಗೋಲ್‌ಕೀಪರ್ ಆದ ನಾನು, ಬಾಲು ಬಂದರೆ ಮರ್ಯಾದೆಯಿಂದ ದಾರಿ ಬಿಡುತ್ತಿದ್ದೆ. “ಏನೇ ಹೇಳಿ ಸ್ವಾಮಿ, ಚಪ್ಪಲಿ ಮೆಟ್ಕೊಂಡು ನಮ್ಮ ಗ್ರೌಂಡಿಗೆ ಕಾಲಿಡೋಕೆ ರೆಫರೀನೂ ಬಿಟ್ಟಿಲ್ಲ ನಾವು” ಎಂದು ಕೊನೆಗೆ ಎದೆಯುಬ್ಬಿಸುತ್ತಾರೆ. ಆ ಗ್ರೌಂಡು ಈಗ ಊರಿನ ಸಮೇತ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ. ಮೊನ್ನೆ ನಾವಿಬ್ಬರೂ ಲಾಂಚಿನಲ್ಲಿ ಹಿನ್ನೀರು ದಾಟುತ್ತಿದ್ದಾಗ, ನಡುನೀರಿನಲ್ಲಿ ಅವರು ಚರಿತ್ರೆ ನಿಲ್ಲಿಸಿ, ಬಗ್ಗಿ, ತಮ್ಮ ಚಪ್ಪಲಿ ಕಳಚಿಟ್ಟರು. ನಾನು ಪಿಳಿಪಿಳಿ ನೋಡಿದೆ. “ಎಂತ ನೋಡ್ತೀಯ? ನಿನ್ನ ಗೋಲ್ ಕಂಬ ಇಲ್ಲೇ ಕೆಳಗಿರೋದು. ಚಪ್ಪಲಿ ಬಿಡೋ ಮಾರಾಯ.”