ಪುಸ್ತಕ ಓದಿ ಅಟ್ಟ ಖಾಲಿ ಮಾಡಿದವರು

ನಾನು ಪುಸ್ತಕದ ಜೊತೆ ಜಗಳ ಆಡುವವಳು. ಓದುತ್ತ ಓದುತ್ತ ‘ಸುಳ್ಳು!’ ಎಂದು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಒಮ್ಮೆ ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಹೀಗೆ ಹೇಳಿದ್ದೇ ತಡ, ಪಕ್ಕದ ಸೀಟಿನವನು ಬೆಚ್ಚಿಬಿದ್ದು ಕೈಯಲ್ಲಿದ್ದ ಮೊಬೈಲನ್ನು ಆರಿಸಿಯೇಬಿಟ್ಟ. ಬಸ್ಸು ಇನ್ನೂ ಅವರ್ಸಾದಲ್ಲಿತ್ತು, ಪಾಪ ಅವನು ಹೆಂಡತಿಗೆ ‘ಬಿಣಗಾ ದಾಟ್ತು, ಕಾರವಾರ ಬಂತು’ ಎನ್ನುತ್ತಿದ್ದ. ನಾನು ಬೈದದ್ದು ಕಾದಂಬರಿಗೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ಈ ಮಳೆಗಾಲದಲ್ಲಂತೂ ನನ್ನ ಸಿಟ್ಟಿಗೆ ಒಳ್ಳೆಯ ಮೇವು ಸಿಕ್ಕಿತು. ತಮ್ಮ ಪ್ರಕಾಶ ಕಾರವಾರದ ಕೋಡಿಬಾಗದಲ್ಲಿದ್ದಾನೆ, ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಕಾರವಾರದಲ್ಲಿ ಪುಸ್ತಕ ಪ್ರದರ್ಶನ ಬಂದರೆ ಹೊಸದನ್ನೆಲ್ಲ ಕೊಂಡು ತರುತ್ತಾನೆ, ಓದಿ ಮುಗಿಸಿ ಅಂಕೋಲೆಗೆ ನನಗೆ ಕಳಿಸುತ್ತಾನೆ. ಶಾಲೆಯಲ್ಲಿ ಕನ್ನಡ ಕಲಿಸುವ ಅಕ್ಕ ಹಳೆಯದನ್ನೇ ಓದಿ ಓದಿ ತುಕ್ಕು ಹಿಡಿದಿದ್ದಾಳೆ ಎಂಬುದು ಅವನ ಅಂಬೋಣ. ಈ ಸಲ ಚೀಲದಲ್ಲಿ ಬಂದದ್ದು ಒಂದು ಗ್ರಾಫಿಕ್ ಕಾದಂಬರಿ, ಒಂದು ಬರೀ ಕಾದಂಬರಿ ಮತ್ತು ಹೇಗೆ ಬದುಕಬೇಕೆಂದು ಹೇಳಿಕೊಡುವ ಒಂದು ಪುಸ್ತಕ.

ಗ್ರಾಫಿಕ್ ಕಾದಂಬರಿ ಅಂದರೆ ಚಿತ್ರದಲ್ಲೇ ಹೇಳುವ ಕಥೆ. ಚಿತ್ರಕಥೆಯ ಬಗ್ಗೆ ನನಗೆ ತಾತ್ಸಾರ ಇಲ್ಲ. ಗಣಿತದ ಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಅವನ್ನು ಓದಿಯೇ ನಾನು ಗಣಿತದಲ್ಲಿ ನಪಾಸಾದದ್ದು. ಆದರೆ ಇದು ನಮ್ಮ ಕರಾವಳಿಯದೇ ಕಥೆಯಂತೆ. ಪುಟ ತಿರುಗಿಸಿದರೆ ಕಪ್ಪು ಸಮುದ್ರ, ಕಪ್ಪು ದೋಣಿ, ದೋಣಿಯ ಪಕ್ಕ ಒಬ್ಬ ಮೀನುಗಾರ. ಪುಟಗಟ್ಟಲೆ ಅವನು ಮಾತಿಲ್ಲದೆ ಸಮುದ್ರ ನೋಡುತ್ತಾನೆ. ಮಾತಾಡದ ಮೀನುಗಾರ! ಈ ಕಲಾವಿದ ಒಂದೇ ಒಂದು ಬೆಳಿಗ್ಗೆ ಬೈತಖೋಲದ ಬಂದರಿಗೆ ಬಂದಿದ್ದರೆ ಕಿವಿಗೆ ಹತ್ತಿ ಇಟ್ಟುಕೊಂಡು ಓಡುತ್ತಿದ್ದ. ಬಂಗಡೆಯ ಬುಟ್ಟಿ ಇಳಿಯುವಾಗ ಅಲ್ಲಿ ಕೊಂಕಣಿ, ಮರಾಠಿ, ಕನ್ನಡ ಮೂರರಲ್ಲೂ ಬೈಗುಳ ನಡೆಯುತ್ತದೆ, ನಡುನಡುವೆ ಮದುವೆ ಸಂಬಂಧವೂ ಕುದುರುತ್ತದೆ. ನಮ್ಮವರ ಬಾಯಿಗೆ ಬೀಗ ಹಾಕಿ, ಅದಕ್ಕೆ ‘ಮೌನದ ಮಹಾಕಾವ್ಯ’ ಅಂತ ಹಿಂದಿನ ರಟ್ಟಿನ ಮೇಲೆ ಅಚ್ಚು ಹಾಕಿಸಿದ್ದಾರೆ. ನನಗೆ ಮೈಯೆಲ್ಲ ಉರಿಯಿತು.

ಕಾದಂಬರಿಯ ಕಥೆ ಇನ್ನೂ ಚೆಂದ. ಅದರ ನಾಯಕ ಕಿಟಕಿಯ ಹತ್ತಿರ ನಿಲ್ಲುತ್ತಾನೆ. ಹೆಂಡತಿ ಬಿಟ್ಟು ಹೋಗುತ್ತಾಳೆ, ಇವನು ಕಿಟಕಿಯಲ್ಲೇ. ಅವಳು ತಿರುಗಿ ಬರುತ್ತಾಳೆ, ಆಗಲೂ ಕಿಟಕಿಯಲ್ಲೇ. ಇಡೀ ಪುಸ್ತಕದಲ್ಲಿ ಒಬ್ಬರೂ ಅನ್ನಕ್ಕೆ ಎಸರಿಡುವುದಿಲ್ಲ. ನಮ್ಮ ಹಳೆಯ ಕವಿಗಳನ್ನು ನೋಡಿ, ಹದಿನೆಂಟು ವರ್ಣನೆ ಮಾಡದೆ ಕಾವ್ಯ ಮುಗಿಸಿದರೆ ಮರ್ಯಾದೆ ಹೋಯಿತು ಎಂದುಕೊಂಡಿದ್ದರು. ಸಮುದ್ರ, ಪರ್ವತ, ಚಂದ್ರೋದಯ, ಜಲಕ್ರೀಡೆ, ಮದುವೆ, ಯುದ್ಧ ಎಲ್ಲ ಬೇಕು. ಕಥೆ ಅವಸರದಲ್ಲಿದ್ದರೂ ಕವಿ ಬಿಡ. ವೈರಿ ಬಾಗಿಲಿಗೆ ಬಂದಿದ್ದಾನೆ ಅಂದರೂ ‘ತಡಿ, ವಸಂತ ಋತು ಬಾಕಿ ಇದೆ’ ಅನ್ನುತ್ತಾನೆ. ಕ್ಲಾಸಿನಲ್ಲಿ ಅದನ್ನು ಕಲಿಸುವಾಗ ನಾನೇ ಆಕಳಿಸಿದ್ದುಂಟು. ಆದರೂ ಅವರ ಕಾವ್ಯದಲ್ಲಿ ಹಬ್ಬ ಇತ್ತು, ಊಟ ಇತ್ತು, ನಾಲ್ಕು ಜನ ಇದ್ದರು.

ಇಷ್ಟರವರೆಗೆ ನನ್ನದು ಬರೀ ಓದುವವಳ ಸಿಟ್ಟು. ಮನೆಗೆ ಬೆಂಕಿ ಹಚ್ಚಿದ್ದು ಮೂರನೆಯ ಪುಸ್ತಕ.

ಅದು ಇಂಗ್ಲಿಷಿನಿಂದ ಬಂದದ್ದು. ರಟ್ಟಿನ ಮೇಲೆ ಒಂದು ಬಿಳೀ ಕೋಣೆ, ಕೋಣೆಯಲ್ಲಿ ಒಂದು ಕುರ್ಚಿ, ಒಂದು ಹೂಕುಂಡ. ಕೂರುವುದಕ್ಕೆ ಜನ ಮಾತ್ರ ಇಲ್ಲ. ಮನೆ ಹಗುರವಾದರೆ ಮನಸ್ಸು ಹಗುರ ಎಂಬುದು ಅದರ ಸಾರ. ಆರು ತಿಂಗಳು ಕೈ ಮುಟ್ಟದ ವಸ್ತು ಮನೆಯಲ್ಲಿದ್ದರೆ ಅದು ಭಾರ, ಕೂಡಲೇ ತೆಗೆದುಹಾಕಿ ಅನ್ನುತ್ತದೆ. ಬರೆದವನ ಮನೆಯಲ್ಲಿ ಹಬ್ಬ ಇಲ್ಲ, ಮದುವೆ ಇಲ್ಲ, ಬಾಣಂತಿ ಇಲ್ಲ, ಹೋಗಲಿ, ಮಳೆಗಾಲವಾದರೂ ಇದೆಯೋ ಇಲ್ಲವೋ ಗೊತ್ತಿಲ್ಲ. ನಮ್ಮ ಕಡೆ ಅಟ್ಟದ ಮೇಲಿರುವುದೆಲ್ಲ ವರ್ಷಕ್ಕೊಮ್ಮೆ ಬೇಕಾಗುವಂಥದ್ದೇ: ಹಪ್ಪಳದ ಮಣೆ, ದೊಡ್ಡ ಭರಣಿ, ದೀಪಾವಳಿಯ ಆಕಾಶಬುಟ್ಟಿ. ಮತ್ತೆ ಚೌತಿಯ ಫಲಾವಳಿ ಕಟ್ಟುವ ಮರದ ಚೌಕಟ್ಟು.

ಫಲಾವಳಿ ನೋಡದವರಿಗೆ ಹೇಳಬೇಕು. ಗಣಪತಿ ಕೂರುವ ಜಾಗದಲ್ಲಿ, ಸರಿಯಾಗಿ ಅವನ ತಲೆಯ ಮೇಲೆ, ಮಾಡಿನಿಂದ ಈ ಚೌಕಟ್ಟನ್ನು ಇಳಿಬಿಡುತ್ತಾರೆ. ಅದರ ತುಂಬ ಅಡಿಕೆ ಗೊನೆ, ತೆಂಗಿನಕಾಯಿ, ಪಡವಲ, ಹಾಗಲ, ಅಮಟೆಕಾಯಿ, ಗುಡ್ಡದಿಂದ ತಂದ ಹೆಸರು ಗೊತ್ತಿಲ್ಲದ ಕಾಯಿಗಳು. ಕೋಡಿಬಾಗದ ನಮ್ಮ ಮನೆಯದು ಅಪ್ಪ ಹಲಸಿನ ಪಟ್ಟಿಗಳಲ್ಲಿ ಮಾಡಿಸಿದ್ದು. ಅಪ್ಪ ಹೋದ ಮೇಲೆ ಯಾವ ಕಾಯಿ ಎಲ್ಲಿ ಎಂದು ಹೇಳುವ ಹಕ್ಕು ಅಮ್ಮನದು, ನಮ್ಮ ಆಯಿಯದು. ಆಯಿಗೆ ವಯಸ್ಸಾಯಿತು. ಮೊಣಕಾಲು ಮಾತು ಕೇಳುವುದಿಲ್ಲ, ಅಡುಗೆಮನೆ ಪ್ರಕಾಶನ ಹೆಂಡತಿ ಸುಮಾಳ ಕೈಗೆ ಹೋಗಿದೆ, ಪೂಜೆ ಪ್ರಕಾಶನಿಗೆ. ಆದರೆ ಚೌತಿಯ ಹಿಂದಿನ ದಿನ ಆಯಿ ಕುರ್ಚಿ ಹಾಕಿ ಕೂತಳೆಂದರೆ ಮನೆಮಂದಿಯೆಲ್ಲ ಅವಳ ಬಾಯಿ ನೋಡಬೇಕು. ‘ಅಡಿಕೆ ನಡೂಕೆ ಕಟ್ಟು, ಹಾಗಲಕಾಯಿ ಮೋರೆ ಎದುರು ಬೇಡ, ಆಚೆ ಬದಿ ಹೋಗ್ಲಿ’ ಎಂದು ಅವಳು ಹೇಳುತ್ತ ಹೋಗುತ್ತಾಳೆ, ಏಣಿ ಮೇಲಿರುವವರು ಕಟ್ಟುತ್ತ ಹೋಗುತ್ತಾರೆ. ಇಡೀ ವರ್ಷದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡುವುದು ಅದೊಂದೇ ದಿನ.

ಚೌತಿ ಹತ್ತಿರ ಬಂದಿತ್ತು. ಪ್ರಕಾಶನ ಫೋನು.

“ಅಕ್ಕಾ, ಆಯಿ ಚೌಕಟ್ಟು ಇಳ್ಸು ಅಂತದೆ.”

“ಇಳ್ಸು. ಅದಕ್ಕೆ ನಂಗೆಂತಕ್ಕೆ ಫೋನು?”

“ಅದು ಇಲ್ಲ. ಮಳೆಗಿಂತ ಮೊದ್ಲು ಅಟ್ಟ ಚೊಕ್ಕ ಮಾಡಿದ್ನಲ್ಲ, ಆಗ ಬಚ್ಚಲೊಲೆಗೆ ಹೋಯ್ತು.”

“ಬಚ್ಚಲೊಲೆಗೆ?”

“ಆರು ತಿಂಗಳು ಮುಟ್ಟಲಿಲ್ಲ ಅಂದ್ರೆ ಇಟ್ಕಳೂಕಾಗ ಅಂತ ಆ ಪುಸ್ತಕದಲ್ಲಿ...”

“ಚೌತಿ ಆರಾರು ತಿಂಗಳಿಗೆ ಬತ್ತದೇನೋ ಮಾರಾಯಾ? ತಲೆಯಲ್ಲಿ ಎಂತ ತುಂಬ್ಕಂಡಿದ್ದಿ?”

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಕರೆಂಟು ತಯಾರು ಮಾಡುವ ಮನುಷ್ಯ, ಬಿಸಿನೀರಿಗೆ ಅಪ್ಪನ ಹಲಸಿನ ಮರವೇ ಬೇಕಾಯ್ತೇನೋ ಎಂದೂ ಕೇಳಿದೆ. ಫೋನು ಇಟ್ಟ ಮೇಲೆ ಆ ಪುಸ್ತಕವನ್ನೇ ಒಲೆಗೆ ಹಾಕೋಣ ಎಂದು ಎದ್ದೆ. ನುಣುಪು ಕಾಗದ, ಅದು ನೆಟ್ಟಗೆ ಉರಿಯುವುದೂ ಇಲ್ಲ, ಬರೀ ಹೊಗೆ. ಸುಮ್ಮನೆ ಚೀಲಕ್ಕೆ ತುರುಕಿ ಮರುದಿನ ಕೋಡಿಬಾಗದ ದಾರಿ ಹಿಡಿದೆ.

ನಾನು ಹೋಗುವಷ್ಟರಲ್ಲಿ ಆಯಿಗೆ ವಿಷಯ ಗೊತ್ತಾಗಿತ್ತು. ಗೋಡೆಯ ಕಡೆ ತಿರುಗಿ ಮಲಗಿದ್ದಳು. ಸುಮಾ ಇಟ್ಟ ಚಹಾ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು.

“ಆಯಿ, ಹೊಸದು ಮಾಡ್ಸುವಾ. ಆಚಾರಿಗೆ ಹೇಳ್ತೆ” ಅಂದೆ.

“ಬೇಡ. ನಂಗೆ ಸಾಕು. ಇನ್ನು ಚೌತಿ ನೀವೇ ಮಾಡ್ಕಳಿ.” ಮತ್ತೆ ಗೋಡೆಗೇ ಹೇಳಿದಳು: “ಈ ಮನೇಲಿ ವರ್ಷಕ್ಕೆ ಒಂದು ದಿನ ಬೇಕಾಗೂದು ಅದೊಂದೇ ಅಲ್ಲ. ನಾನೂ ಹಂಗೇ. ನನ್ನೂ ಒಲೆಗೆ ನೋಡಿ ಇಟ್ಟಿದ್ನೇನ ಅಂವ?”

ಪ್ರಕಾಶ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಇನ್ನಷ್ಟು ಬೈಯಲು ಬಸ್ಸಿನಲ್ಲಿ ಕೂತು ತಯಾರು ಮಾಡಿಕೊಂಡು ಬಂದಿದ್ದೆ. ಅದರ ಬದಲು ಸಿಟ್ಟೆಲ್ಲ ಆ ಬಿಳೀ ಕೋಣೆಯವನ ಮೇಲೆ ತಿರುಗಿತು. ಎಲ್ಲೋ ಕೂತು, ಯಾರದೋ ಮನೆಯಲ್ಲಿ ಏನು ಬೇಕು ಏನು ಬೇಡ ಅಂತ ಹೇಳಲು ನೀನು ಯಾರಯ್ಯಾ? ನಿನ್ನ ಪುಸ್ತಕದಲ್ಲಿ ವಸ್ತುಗಳಿವೆ, ಅವುಗಳ ಹಿಂದೆ ಕೂತವರು ಒಬ್ಬರೂ ಇಲ್ಲ.

ಪ್ರಕಾಶ ಹೊರಗೆ ಹೋದ. ಐದು ನಿಮಿಷದಲ್ಲಿ ದಡಬಡ ಸದ್ದು. ನಾನು ಹೋಗಿ ನೋಡಿದರೆ ಅವನ ಪುಸ್ತಕಗಳೆಲ್ಲ ನೆಲದ ಮೇಲೆ. ಗೋಡೆಯ ಸಾಗವಾನಿ ಶೆಲ್ಫನ್ನು ಕೆಳಗೆ ಮಲಗಿಸಿ ಸ್ಕ್ರೂ ಬಿಚ್ಚುತ್ತಿದ್ದ. ಸುಮಾ ಪಟ್ಟಿಗಳನ್ನು ಹಿಡಿದುಕೊಂಡಿದ್ದಳು. ನಾನೂ ಕೂತು ಪಟ್ಟಿ ಹಿಡಿದೆ. ಹೊಸ ಚೌಕಟ್ಟಿನ ನಾಲ್ಕು ಬದಿ ಜೋಡಿಸಿ ಆಯಿತು, ಪ್ರಕಾಶ ಅಡ್ಡಪಟ್ಟಿ ಬಡಿಯುತ್ತಿದ್ದ.

“ಅಷ್ಟು ದೂರ ದೂರ ಹೊಡ್ದ್ರೆ ಅಮಟೆಕಾಯಿ ಎಲ್ಲಿ ಕಟ್ಟೂದು?”

ಆಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಣ್ಣು ಕೆಂಪಾಗಿತ್ತು, ಧ್ವನಿ ಚೌತಿಯದೇ ಆಗಿತ್ತು. ಪ್ರಕಾಶ ತಲೆ ಎತ್ತದೆ ಮೊಳೆ ಕಿತ್ತು, ಅಡ್ಡಪಟ್ಟಿಯನ್ನು ಹತ್ತಿರಕ್ಕೆ ಸರಿಸಿದ. ಸುಮಾ ಓಡಿಹೋಗಿ ಕುರ್ಚಿ ತಂದಳು. ಕೂತ ಮೇಲೆ ಆಯಿ ಅವನನ್ನು ಬೈದಳು ನೋಡಿ, ನಾನು ಬಸ್ಸಿನಲ್ಲಿ ತಯಾರು ಮಾಡಿಕೊಂಡಿದ್ದು ಅದರ ಮುಂದೆ ಏನೂ ಅಲ್ಲ.

ಚೌತಿ ಆಯಿತು. ಗಣಪತಿಯನ್ನು ಕಾಳಿ ನದಿಯಲ್ಲಿ ಬಿಟ್ಟು ಬಂದೆವು. ಫಲಾವಳಿಯ ಕಾಯಿ ಅಕ್ಕಪಕ್ಕದ ಮನೆಗಳಿಗೆ ಹಂಚಿದ ಮೇಲೆ ಪ್ರಕಾಶ ಚೌಕಟ್ಟನ್ನು ಇಳಿಸಿ, ಅದನ್ನು ಮತ್ತೆ ಶೆಲ್ಫ್ ಮಾಡಲು ಸ್ಕ್ರೂ ಡ್ರೈವರ್ ಹುಡುಕತೊಡಗಿದ. ಮೂಲೆಯಲ್ಲಿ ರಾಶಿ ಬಿದ್ದ ಪುಸ್ತಕಗಳಿಗೆ ಮಳೆಯ ತಂಪು ಹಿಡಿದು ಬೂಸಲು ಬರುವುದರಲ್ಲಿತ್ತು. ಪುಸ್ತಕ ಅಂದರೆ ಜೀವ ಬಿಡುವ ನನಗೂ ಅವುಗಳ ಮೇಲೆ ಕನಿಕರ ಬರಲಿಲ್ಲ.

“ಅದನ್ನ ಎಂತಕ್ಕೆ ಬಿಚ್ತಿ?” ಅಂದಳು ಆಯಿ. “ಅಟ್ಟಕ್ಕೆ ಹಾಕು.”

“ಪುಸ್ತಕ ಎಲ್ಲಿ ಇಡೂದು ಆಯಿ?”

“ಅದು ನಿನ್ನ ತಲೆಬಿಸಿ. ಜೋಪಾನ ಇಡು. ಬರೂ ಚೌತಿಗೆ ಬಲಬದಿ ಪಟ್ಟಿ ಚೂರು ಮೇಲೆ ಮಾಡ್ಬೇಕು, ಈ ಸಲ ವಾಲಿತ್ತು. ಅವಾಗ್ಲೇ ಹೇಳ್ತೆ ನಾನು, ಹೆಂಗೆ ಅಂತ.”

ಪ್ರಕಾಶ ಏಣಿ ತರಲು ಹೋದ.