ತುದಿ ಹೊಲದ ನೀರು

ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಕೀಬೋರ್ಡ್ ಒತ್ತುವಾಗ ಟಕ್ ಟಕ್ ಎನ್ನುತ್ತಿತ್ತು. ಆ ಸದ್ದು ನಿಂತರೆ ಯಾರದೋ ತಪ್ಪು ಅವರ ಕಣ್ಣಿಗೆ ಬಿದ್ದಿದೆ ಎಂದೇ ಅರ್ಥ. ಬೈಯುವುದರಲ್ಲಿ ಅವರು ಜಿಪುಣರಲ್ಲ. ಹಿರಿಯೂರಿನ ಕಾಲೇಜಿನಲ್ಲಿ ಅವರ ಹತ್ತಿರ ಕಲಿತು, ಅಲ್ಲೇ ಲ್ಯಾಬಿನ ಕೆಲಸಕ್ಕೆ ಸೇರಿದವಳು ನಾನು. ಬೈಗುಳದಲ್ಲಿ ನನ್ನ ಪಾಲು ದೊಡ್ಡದು.

ತಮ್ಮೂರ ಕಾಲುವೆಯ ರೈತರಿಗೆ ಅವರು ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದರು. ಯಾವ ಹೊಲಕ್ಕೆ ಎಷ್ಟು ಗಂಟೆ ನೀರು ಎಂದು ಅದು ಹೇಳುತ್ತಿತ್ತು. ನೀರಗಂಟಿ ಮೊಬೈಲಿನಲ್ಲಿ ನೋಡಿ ತೂಬು ತೆಗೆಯುತ್ತಿದ್ದ. ಹಂಚಿ ಮಿಕ್ಕ ನೀರು ಕಾಲುವೆಯ ತುದಿ ಹೊಲಕ್ಕೆ ಹೋಗಬೇಕೆಂಬುದು ಅಜ್ಜಂದಿರ ಕಾಲದ ರೂಢಿ.

ಹೊಸ ಕಂಪ್ಯೂಟರ್ ಬಂದಾಗ ಪ್ರೋಗ್ರಾಮನ್ನು ಅದು ಬರೆದಿದ್ದ ಕಂಪ್ಯೂಟರ್ ಭಾಷೆಯಾದ ಹಳೆಯ ಪೈಥಾನಿನಿಂದ ಹೊಸ ಪೈಥಾನಿಗೆ ತರಬೇಕಾಯಿತು. ಪ್ರಿಂಟ್ ಎಂದಿದ್ದಲ್ಲೆಲ್ಲ ಕಂಸ ಇಲ್ಲವೆಂದು ಹೊಸದು ತಕರಾರು ತೆಗೆಯಿತು. ಸೊಸೆ ಅತ್ತೆಯ ಸೀರೆ ಉಟ್ಟರೂ ನೆರಿಗೆ ತನ್ನದೇ ಹಾಕುತ್ತಾಳೆ ಎಂದು ನಗುತ್ತ ಮೇಡಂ ಎಲ್ಲವನ್ನೂ ತಿದ್ದಿದರು. ಆಮೇಲೆ ಒಂದೂ ತಪ್ಪು ತೋರಿಸದೆ ಓಡಿತು.

ಕಾಲುವೆಗೆ ನೀರು ಬಿಟ್ಟ ಆ ಸರದಿಯ ಕೊನೆಯ ದಿನ ಮಧ್ಯಾಹ್ನ ತುದಿ ಹೊಲದ ಅಜ್ಜಿ ಕುರಿಗಳನ್ನು ಪಕ್ಕದವರಿಗೆ ಒಪ್ಪಿಸಿ ಕಾಲೇಜಿಗೇ ಬಂದಳು. ತನಗೆ ಹನಿ ನೀರೂ ಬಂದಿಲ್ಲ, ಈರುಳ್ಳಿ ಬಾಡುತ್ತಿದೆ, ಸಂಜೆಗೆ ಕಾಲುವೆಯ ಮೇಲಿನ ಗೇಟು ಮುಚ್ಚುತ್ತಾರೆ, ಮೊಬೈಲಿನಲ್ಲಿಲ್ಲದ ನೀರು ಬಿಡಲಾರೆ ಎಂದು ನೀರಗಂಟಿ ಹಟ ಹಿಡಿದಿದ್ದಾನೆ ಎಂದಳು. ಆಮೇಲೆ ಮೇಡಂ ಮುಖವನ್ನೇ ನೋಡುತ್ತ ಕೇಳಿದಳು:

"ಮೇಲ್ಗಡೆ ಹೊಲದೋರು ನಿನಗೇನಾರ ಹೇಳ್ಯಾರೇನವ್ವ?"

ನನಗೆ ಸಿಟ್ಟು ನೆತ್ತಿಗೇರಿತು. ಮೇಡಂ ಪ್ರೋಗ್ರಾಂ ತೆರೆದು ಮೇಲಿಂದ ಕೆಳಗೆ ಓದಿದರು. ಮತ್ತೆ ಓದಿದರು. ಗಡಿಯಾರ ನೋಡಲು ನನಗೆ ಭಯ. ಕೊನೆಗೆ ಭಾಗಾಕಾರದ ಓರೆಗೀಟಿನ ಹತ್ತಿರ ಅವರ ಬೆರಳು ನಿಂತಿತು. ಆ ಗೀಟು ಎರಡೂ ಭಾಷೆಯಲ್ಲಿ ಒಂದೇ. ಆದರೆ ಏಳು ಗಂಟೆಯನ್ನು ಎರಡು ಹೊಲಕ್ಕೆ ಹಂಚೆಂದರೆ ಹಳೆಯದು ಮೂರು ಮೂರು ಕೊಡುತ್ತಿತ್ತು, ಮಿಕ್ಕ ಒಂದು ಗಂಟೆಯ ನೀರು ರೂಢಿಯಂತೆ ತುದಿಗೆ ಸೇರುತ್ತಿತ್ತು. ಹೊಸದು ಮೂರೂವರೆ ಮೂರೂವರೆ ಕೊಟ್ಟು ಏನನ್ನೂ ಮಿಗಿಸಿರಲಿಲ್ಲ.

ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು.

"ತಪ್ಪು ನಂದೇ ಕಣಜ್ಜಿ," ಎಂದರು ಮೇಡಂ. "ನಿನ್ನ ಪಾಲು ನಾನು ಬರ್ದೇ ಇರ್ಲಿಲ್ಲ. ಮಿಕ್ಕಿದ್ದು ತಾನಾಗೇ ಬರ್ತೈತೆ ಅಂತ ಬಿಟ್ಟಿದ್ದೆ."

ಒಂದು ಗೀಟಿನ ಜೊತೆ ಇನ್ನೊಂದು ಗೀಟು ಹಾಕಿದರೆ ಹಳೆಯ ಲೆಕ್ಕವೇ ಬರುತ್ತದೆ, ಬೇಗ ಆಗುತ್ತದೆ ಎಂದೆ. ಅದನ್ನು ಹಾಕಿದರು. ಆದರೂ, ಮಿಕ್ಕ ನೀರು ತುದಿ ಹೊಲಕ್ಕೆ ಎಂದು ಬೇರೆಯೇ ಒಂದು ಸಾಲು ಬರೆದರು.

"ಭಾಷೆ ನಾಳೆನೂ ಬದಲಾಗ್ತೈತೆ ಕಣೇ. ಇನ್ನೊಬ್ರ ನೀರನ್ನ ಅದರ ದಯೆಗೆ ಬಿಡಬಾರ್ದು."

ನೀರಗಂಟಿಗೆ ಫೋನು ಹೋಯಿತು. ಗೇಟು ಮುಚ್ಚುವ ಮುಂಚೆ ತುದಿಗೆ ನೀರು ಮುಟ್ಟಿತು. ಈರುಳ್ಳಿ ಅರ್ಧ ಉಳಿಯಿತು, ಅರ್ಧ ಹೋಯಿತು.

ಹೋದ ವರ್ಷ ಮೇಡಂ ತೀರಿಕೊಂಡರು. ಪ್ರೋಗ್ರಾಂ ಈಗ ನನ್ನ ಕೈಯಲ್ಲಿದೆ. ತಪ್ಪಿಲ್ಲದೆ ಓಡಿತು ಎಂದರೆ ನನಗೆ ನಂಬಿಕೆ ಬರುವುದಿಲ್ಲ. ಸರದಿಯ ಕೊನೆಯ ದಿನ ಬಸ್ಸು ಹತ್ತಿ ಕಾಲುವೆಯ ತುದಿಗೆ ಹೋಗುತ್ತೇನೆ. ಈರುಳ್ಳಿ ಮಡಿಯಲ್ಲಿ ಕಾಲಿಟ್ಟು, ಪಾದ ಒದ್ದೆಯಾದ ಮೇಲೆಯೇ ಮನೆಗೆ ಹೊರಡುವುದು.