ಬಕುಳದ ಮರವನ್ನು ನೆಟ್ಟವರು

ನಮ್ಮ ಶಾಲೆಯ ಅಂಗಳದ ಬಕುಳದ ಮರವನ್ನು ಪುಟುಲ್ ಎಂಬ ಬೆಸ್ತರ ಹುಡುಗಿ ನೆಟ್ಟಳು ಎನ್ನುವ ಕಥೆ ಸುಳ್ಳು. ಅದನ್ನು ಕಟ್ಟಿದವಳು ನಾನು. ಅಷ್ಟೇ ಆಗಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲ — ಮಕ್ಕಳಿಗೆ ಕಥೆ ಕಟ್ಟಿ ಹೇಳದ ಟೀಚರು ಯಾರಿದ್ದಾರೆ? ಆದರೆ ಆ ಮರವನ್ನು ನಿಜವಾಗಿ ನೆಟ್ಟವರು ನನ್ನೆದುರೇ ಕೂತು "ಇದು ನಾನು ನೆಟ್ಟದ್ದು" ಅಂದಾಗಲೂ ನಾನು ಬಾಯಿ ಬಿಡಲಿಲ್ಲ. ಬಿಡಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಬಿಟ್ಟೆ — ಇನ್ನೊಂದು ಸುಳ್ಳು ಹೇಳುವುದಕ್ಕೆ.

ಅವರ ಹೆಸರು ಶೇಫಾಲಿ. ಶಾಲೆಯಲ್ಲಿ ಎಲ್ಲರಿಗೂ ಶೇಫಾಲಿದಿ. ನಾವು ಅಕ್ಕ ಅನ್ನುವ ಹಾಗೆ ಇಲ್ಲಿಯವರು ಹೆಸರಿನ ಕೊನೆಗೆ 'ದಿ' ಸೇರಿಸುತ್ತಾರೆ. ನಾನು ಆ ಶಾಲೆಗೆ ಸೇರಿದಾಗ ಅವರು ಅಲ್ಲಿನ ಅತಿ ಹಿರಿಯ ಟೀಚರು, ಬಂಗಾಳಿ ಕಲಿಸುತ್ತಿದ್ದರು.

ನಾನು ಚಿತ್ರದುರ್ಗದ ಕಡೆಯವಳು. ಗಂಡನಿಗೆ ಸಾಲ್ಟ್ ಲೇಕಿನ ಕೇಂದ್ರ ಸರ್ಕಾರಿ ಕಚೇರಿಗೆ ವರ್ಗವಾಗಿ ಕೊಲ್ಕತ್ತಕ್ಕೆ ಬಂದೆವು, ಬಾರಾನಗರದಲ್ಲಿ ಮನೆ ಮಾಡಿದೆವು. ನದಿಯ ಕಡೆಗೆ ಇಳಿಯುವ ಗಲ್ಲಿಯೊಂದರಲ್ಲಿದ್ದ ಪುಟ್ಟ ಇಂಗ್ಲಿಷ್ ಪ್ರಾಥಮಿಕ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಮೂರನೆಯ ತರಗತಿ, ಪರಿಸರ ಅಧ್ಯಯನ. ಊರಿನ ಇತಿಹಾಸ, ಹಬ್ಬಹರಿದಿನ, ಗಿಡಮರ, ಹಕ್ಕಿ — ಎಲ್ಲವೂ ಆ ಒಂದೇ ಪಾಠದಲ್ಲಿ. ಊರಿನ ಇತಿಹಾಸವನ್ನು ಕಲಿಸಬೇಕಾದವಳಿಗೆ ಊರೇ ಗೊತ್ತಿರಲಿಲ್ಲ. ಹಿಂದಿನ ದಿನ ಓದಿಕೊಂಡು ಮಾರನೆಯ ದಿನ ಹೇಳುತ್ತಿದ್ದೆ. ಮಕ್ಕಳಿಗೆ ಅದು ತಿಳಿಯುತ್ತಿತ್ತು. ಮಕ್ಕಳಿಗೆ ಎಲ್ಲವೂ ತಿಳಿಯುತ್ತದೆ.

ಒಂದು ದಿನ ಮರದ ಕಾಂಡವನ್ನು ದಾರದಿಂದ ಅಳೆಯುವುದನ್ನು ಕಲಿಸಲು ಅವರನ್ನು ಅಂಗಳಕ್ಕೆ ಕರೆತಂದಿದ್ದೆ. 'ಬೊಕುಲ್' ಅನ್ನಬೇಕಾದಲ್ಲಿ 'ಬಕುಲ' ಅಂದೆನೆಂದು ಇಡೀ ತರಗತಿ ನಕ್ಕಿತ್ತು. ನಗು ಇನ್ನೂ ಪೂರ್ತಿ ಅಡಗಿರಲಿಲ್ಲ. ಆಗ ರಿಮಿ ಎಂಬ ಹುಡುಗಿ ಕೇಳಿದಳು: "ಮಿಸ್, ಇದನ್ನ ಯಾರು ನೆಟ್ಟಿದ್ದು?"

ನನಗೆ ಗೊತ್ತಿಲ್ಲ, ವಿಚಾರಿಸೋಣ — ಅನ್ನಬಹುದಿತ್ತು. ಸ್ಟಾಫ್ ರೂಮು ಹತ್ತು ಹೆಜ್ಜೆ ದೂರದಲ್ಲಿತ್ತು. ಶೇಫಾಲಿದಿ ಅಲ್ಲೇ ಕೂತಿದ್ದರು.

ನಾನು ಹೇಳಿದ್ದು ಬೇರೆ. ನೂರು ವರ್ಷದ ಹಿಂದೆ ಇಲ್ಲಿ ಬೆಸ್ತರ ಕೇರಿ ಇತ್ತು ಅಂದೆ. ಪುಟುಲ್ ಎಂಬ ಹುಡುಗಿ ಇದ್ದಳು ಅಂದೆ. ಅವಳ ಅಣ್ಣ ಪ್ರವಾಹದ ದಿನ ದೋಣಿ ತೆಗೆದುಕೊಂಡು ಹೋದವನು ಮರಳಲಿಲ್ಲ. ಕತ್ತಲಲ್ಲಿ ಬಂದರೂ ಹೂವಿನ ವಾಸನೆ ಹಿಡಿದು ಮನೆಯ ದಡ ಯಾವುದೆಂದು ಅವನು ಗುರುತಿಸಲಿ ಅಂತ ಪುಟುಲ್ ಈ ಬಕುಳವನ್ನು ನೆಟ್ಟಳು. ಎಲ್ಲಿಂದ ಬಂತೋ ಕಥೆ — ಬಾಯಿ ತೆರೆದರೆ ತಾನೇ ಬರುತ್ತಿತ್ತು. ಮಕ್ಕಳು ಸುಮ್ಮನಾದರು. ರಿಮಿ ಹೋಗಿ ಕಾಂಡವನ್ನು ತಬ್ಬಿಕೊಂಡಳು. ನಾನು ಆ ಶಾಲೆಗೆ ಬಂದಮೇಲೆ ಮೊದಲ ಬಾರಿಗೆ ಯಾರೂ ನಗುತ್ತಿರಲಿಲ್ಲ. ಆ ಮೌನದ ರುಚಿ ನನಗೆ ಹತ್ತಿತು.

"ನಿಮಗೆ ಹೇಗೆ ಗೊತ್ತು ಮಿಸ್?" ಎಂದಳು ರಿಮಿ. ಯಾರೇ ಏನೇ ಹಳೆಯದನ್ನು ಹೇಳಿದರೂ ಹೀಗೆ ಕೇಳಬೇಕೆಂದು ಹಿಂದಿನ ವಾರವಷ್ಟೇ ನಾನೇ ಕಲಿಸಿದ್ದೆ. "ಹಿರಿಯರು ಹೇಳ್ತಾರೆ" ಎಂದು ಅವಳ ಬಾಯಿ ಮುಚ್ಚಿಸಿದೆ.

ಮನೆಯಲ್ಲಿ ಗಂಡನಿಗೆ ಹೇಳಿದಾಗ ಅವರು ನಕ್ಕರು. "ಹೋಗ್ಲಿ ಬಿಡು. ಮರಕ್ಕೆ ನಾಲ್ಕು ಜನ ಮಕ್ಕಳು ನೀರು ಹಾಕಿದ್ರೆ ಒಳ್ಳೇದೇ ಆಯ್ತಲ್ಲ." ಆ ಮಾತನ್ನು ಎಷ್ಟೋ ವರ್ಷ ಜೊತೆಗಿಟ್ಟುಕೊಂಡಿದ್ದೆ, ಬೇಕಾದಾಗಲೆಲ್ಲ ತೆಗೆದು ನೋಡಿಕೊಳ್ಳಲು. ಅವರನ್ನು ದೂರಲಾರೆ. ಅವರಿಗೆ ಮುಂದಿನದು ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ.

ಮಕ್ಕಳು ನಿಜಕ್ಕೂ ನೀರು ಹಾಕತೊಡಗಿದರು. ಮುಂದಿನ ವರ್ಷ ಬಂದ ಮಕ್ಕಳು ಪುಟುಲ್ ಕಥೆಯನ್ನು ತಾವಾಗಿಯೇ ಕೇಳಿದರು. ಶಾಲೆ ಶುರುವಾಗುವ ದಿನ ಹೊಸಬರು ಬುಡಕ್ಕೆ ಒಂದೊಂದು ಲೋಟ ನೀರು ಸುರಿದು ಪುಟುಲ್ ಹೆಸರು ಹೇಳುವುದು ರೂಢಿಯಾಯಿತು. ವಾರ್ಷಿಕೋತ್ಸವದಲ್ಲಿ ಅದೇ ನಾಟಕವಾಯಿತು, ತಾಯಂದಿರು ಕಣ್ಣು ಒರೆಸಿಕೊಂಡರು. ಒಂದು ಸಂಪ್ರದಾಯ ಹುಟ್ಟಲು ಎಷ್ಟು ಕಡಿಮೆ ಸಾಕು ಎಂದು ನನಗೇ ಆಶ್ಚರ್ಯ. ನನ್ನ ಹೆಸರೂ ಅದರ ಜೊತೆಗೆ ಬೆಳೆಯಿತು — ಹೊರಗಿನಿಂದ ಬಂದು ನಮ್ಮ ಊರಿನ ಇತಿಹಾಸ ಹುಡುಕಿಕೊಟ್ಟವಳು ಎಂದು.

ಆಮೇಲೆ ಹೆಡ್‌ಮಿಸ್ಟ್ರೆಸ್ ಮರದ ಪಕ್ಕ ಒಂದು ಬೋರ್ಡ್ ಹಾಕಿಸೋಣ ಅಂದರು. ಆ ಮೀಟಿಂಗಿನಲ್ಲೇ ಶೇಫಾಲಿದಿ ಮಾತಾಡಿದ್ದು. ಅದು ಅವರ ನಿವೃತ್ತಿಯ ವರ್ಷ. ಅಲ್ಲಿಯವರೆಗೂ ಪುಟುಲ್ ಕಥೆ ಕೇಳಿ ನಗುತ್ತಿದ್ದರು, ಮಕ್ಕಳ ಆಟವೆಂದು ತಿಳಿದಿದ್ದರು.

"ಆಟಕ್ಕೆ ನಂದೇನೂ ಅಡ್ಡಿ ಇಲ್ಲ," ಅಂದರು. "ಬೋರ್ಡ್ ಹಾಕಿದ್ರೆ ಅದು ಇತಿಹಾಸ ಆಗಿಬಿಡುತ್ತೆ. ಆ ಮರ ನಾನು ನೆಟ್ಟದ್ದು, ನನ್ನ ಮೊದಲನೇ ವರ್ಷದ ಮಕ್ಕಳ ಜೊತೆ. ಪಕ್ಕದ ಹಳೇ ಮನೆ ಕೆಡವುವಾಗ ಅಲ್ಲಿಂದ ಸಸಿ ಕಿತ್ತು ತಂದ್ವಿ. ಮೇಕೆ ಎರಡು ಸಲ ತಿಂತು. ಆಮೇಲೆ ನನ್ನ ಮುರಿದ ಕೊಡೆಯ ಕಡ್ಡಿಗಳನ್ನೇ ಸುತ್ತ ಬೇಲಿ ಮಾಡಿ ನೆಟ್ಟೆ."

ಎಲ್ಲರೂ ನನ್ನ ಕಡೆ ತಿರುಗಿದರು. ಹೆಡ್‌ಮಿಸ್ಟ್ರೆಸ್ ಕೇಳಿದರು, "ಸುಮಾ, ನಿಮಗೆ ಆ ಕಥೆ ಹೇಳಿದ್ದು ಯಾರು?"

ಉತ್ತರಕ್ಕೆ ಹುಡುಕಬೇಕಾಗಲಿಲ್ಲ. "ಘಾಟಿನ ಹತ್ತಿರ ಒಬ್ರು ಅಜ್ಜಿ ಹೇಳಿದ್ರು. ಅವರ ಅತ್ತೆ ಪುಟುಲ್‌ನ ಕಣ್ಣಾರೆ ನೋಡಿದ್ರಂತೆ."

ಅಂಥ ಅಜ್ಜಿ ಇರಲಿಲ್ಲ. ನದಿಗಿಳಿಯುವ ಆ ಘಾಟಿನ ಮೆಟ್ಟಿಲುಗಳಲ್ಲಿ ನಾನು ಯಾವ ಅಜ್ಜಿಯ ಜೊತೆಗೂ ಮಾತಾಡಿದ್ದಿಲ್ಲ.

ಶೇಫಾಲಿದಿ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ, ಗೊಂದಲವಿತ್ತು. "ಆ ಕಾಂಡಕ್ಕೆ ನೂರು ವರ್ಷವಾ ಸುಮಾ? ಮಕ್ಕಳಿಗೆ ಅಳೆಯೋದು ನೀನೇ ಕಲಿಸ್ತೀಯಲ್ಲ."

"ಬಕುಳ ನಿಧಾನವಾಗಿ ಬೆಳೆಯುತ್ತೆ ಶೇಫಾಲಿದಿ," ಅಂದೆ. ಅದು ನಿಜ. ನನಗೆ ಗೊತ್ತಿದ್ದ ಒಂದೇ ಒಂದು ನಿಜವನ್ನು ತಂದು ಸುಳ್ಳಿಗೆ ಊರುಗೋಲು ಮಾಡಿದೆ.

ಹೆಡ್‌ಮಿಸ್ಟ್ರೆಸ್ ಮೆತ್ತಗೆ ಹೇಳಿದರು, "ಇಷ್ಟು ವರ್ಷದಲ್ಲಿ ಎಷ್ಟೋ ಗಿಡ ನೆಟ್ಟಿರ್ತೀರಿ ಶೇಫಾಲಿದಿ. ನೀವು ಹೇಳ್ತಿರೋದು ಬೇರೆ ಯಾವುದೋ ಇರಬೇಕು." ಕೆಲವು ದಿನಗಳ ಹಿಂದೆ ಶೇಫಾಲಿದಿ ಉತ್ತರಪತ್ರಿಕೆಗಳ ಕಟ್ಟನ್ನು ಎಲ್ಲೋ ಇಟ್ಟು ಮರೆತಿದ್ದರು. ಯಾರಿಗೆ ಆಗುವುದಿಲ್ಲ ಅದು? ಆದರೆ ಆ ಮಧ್ಯಾಹ್ನ ಎಲ್ಲರಿಗೂ ಅದೇ ನೆನಪಾಯಿತು. ಉಳಿದವರೆಲ್ಲ ತಲೆಯಾಡಿಸಿದರು. ಬೋರ್ಡ್ ತೀರ್ಮಾನವಾಯಿತು.

ಅಲ್ಲಿಂದ ಅವರ ಸಣ್ಣ ಸಣ್ಣ ತಪ್ಪುಗಳೆಲ್ಲ ಲೆಕ್ಕಕ್ಕೆ ಬರತೊಡಗಿದವು. ಕನ್ನಡಕ ಹುಡುಕಿದರೆ "ಪಾಪ, ಮರೆವು". ಒಂದು ಹೆಸರು ತಡವರಿಸಿದರೆ ಕಣ್ಸನ್ನೆ. ನಾನು ಕೇಳಿಸಿಕೊಂಡೆ. ಒಂದು ಮಾತಿನಿಂದ ನಿಲ್ಲಿಸಬಹುದಾಗಿತ್ತು — ದಿನವೂ ನಿಲ್ಲಿಸಬಹುದಾಗಿತ್ತು. ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಹೇಳಿದರೆ ಅಜ್ಜಿಯ ಸುಳ್ಳನ್ನೂ ಹೇಳಬೇಕಿತ್ತು.

ಬೀಳ್ಕೊಡುಗೆಯ ದಿನ ಅವರು ನನ್ನನ್ನು ಪಕ್ಕಕ್ಕೆ ಕರೆದರು. ಬಂಗಾಳಿ, ಇಂಗ್ಲಿಷ್ ಎರಡರಲ್ಲೂ ಬರೆದ ಹಸಿರು ಬೋರ್ಡ್ ಆಗಲೇ ಬಂದಿತ್ತು. ಅವರು ನನ್ನ ಕೈ ಹಿಡಿದುಕೊಂಡು ಅಂದದ್ದು ಅಕ್ಷರ ಬಿಡದೆ ನೆನಪಿದೆ.

"ತುಂಬಾ ಯೋಚನೆ ಮಾಡಿದೆ ಸುಮಾ. ನಂದೇ ತಪ್ಪಿರಬೇಕು. ನಾನು ನೆಟ್ಟ ಸಸಿನ ಮೇಕೆ ಪೂರ್ತಿ ತಿಂದು ಹೋಗಿರಬೇಕು. ಎಲ್ಲರ ಮುಂದೆ ನಿನ್ನ ಮಾತನ್ನ ಅನುಮಾನಿಸಿಬಿಟ್ಟೆ. ಮನಸ್ಸಿಗೆ ಹಚ್ಕೋಬೇಡ."

ನಾನು "ಪರವಾಗಿಲ್ಲ ಶೇಫಾಲಿದಿ" ಅಂದೆ.

ಕ್ಷಮಿಸಿದೆ. ನಾನು — ಅವರನ್ನು — ಕ್ಷಮಿಸಿದೆ. ಕಥೆ ಕಟ್ಟಿದ್ದಕ್ಕೆ ಏನಾದರೂ ಸಮಾಧಾನ ಹೇಳಿಕೊಳ್ಳಬಹುದು, ಮೀಟಿಂಗಿನಲ್ಲಿ ಹೆದರಿಕೆ ಎನ್ನಬಹುದು. ಆ ಎರಡು ಪದಕ್ಕೆ ಏನು ಹೇಳಲಿ? ಅಂದು ಅಲ್ಲಿ ಬೇರೆ ಯಾರೂ ಇರಲಿಲ್ಲ. ಹೆದರಬೇಕಾದ್ದೇನೂ ಇರಲಿಲ್ಲ. ತನ್ನ ನೆನಪನ್ನೇ ನಂಬದ ಸ್ಥಿತಿಗೆ ಬಂದ ಒಬ್ಬ ಹೆಂಗಸು ಇದ್ದರು, ಮತ್ತು ನಾನು.

ವರ್ಷಗಳು ಹೋದವು. ನಾನು ಅದೇ ಶಾಲೆಯಲ್ಲಿ ಉಳಿದೆ. ಪ್ರತಿ ವರ್ಷ ಹೊಸ ಮಕ್ಕಳನ್ನು ಮರದ ಬುಡಕ್ಕೆ ಕರೆದೊಯ್ದೆ. ನನ್ನ ಬಂಗಾಳಿ ಸುಧಾರಿಸಿತು, ಈಗ ಅದರಲ್ಲೇ ಜಗಳವಾಡಬಲ್ಲೆ. ಶೇಫಾಲಿದಿಯನ್ನು ನೋಡಲು ಹೋಗಲಿಲ್ಲ. ಅವರ ಮನೆ ನಮ್ಮಿಂದ ಎರಡು ಗಲ್ಲಿ ಆಚೆ.

ಹೋದ ಚಳಿಗಾಲದಲ್ಲಿ ತರಕಾರಿ ಅಂಗಡಿಯಲ್ಲಿ ಅವರ ಅಣ್ಣನ ಮಗಳು ಮೌ ಸಿಕ್ಕಳು. ಶೇಫಾಲಿದಿ ಮದುವೆಯಾಗಿರಲಿಲ್ಲ, ಮೌ ಅವರ ಜೊತೆಗೇ ಇದ್ದಾಳೆ. "ಪಿಶಿಗೆ ಈಗ ಏನೂ ನೆನಪಿರಲ್ಲ," ಅಂದಳು — ಪಿಶಿ ಅಂದರೆ ಸೋದರತ್ತೆ. "ಡಾಕ್ಟರು ವಯಸ್ಸಿನ ಕಾಯಿಲೆ ಅಂತಾರೆ. ಶಾಲೆ ವಿಷಯ ಮಾತ್ರ ಮಾತಾಡ್ತಾರೆ. ಒಂದ್ಸಲ ಬನ್ನಿ."

ಭಾನುವಾರ ಹೊಸ ಬೆಲ್ಲದ ಸಂದೇಶ್ ಸಿಹಿ ಕಟ್ಟಿಸಿಕೊಂಡು ಹೋದೆ. ಶೇಫಾಲಿದಿ ಬಿಸಿಲು ಬೀಳುವ ಕಿಟಕಿಯ ಬಳಿ ಶಾಲು ಹೊದ್ದು ಕೂತಿದ್ದರು. ನನ್ನ ಹೆಸರು ಬರಲಿಲ್ಲ, ಆದರೆ "ದಕ್ಷಿಣದವಳು" ಎಂದು ಗುರುತು ಹಿಡಿದರು. ಮರದ ವಿಷಯ ಹೇಳಬೇಕು ಅಂದೆ. ಅವರ ಮುಖ ಅರಳಿತು. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳತೊಡಗಿದರು — ಪುಟುಲ್ ಕಥೆಯನ್ನು. ಬೆಸ್ತರ ಕೇರಿ, ಪ್ರವಾಹ, ದೋಣಿ, ಬಾರದ ಅಣ್ಣ. ಆಮೇಲೆ ನಾನು ಎಂದೂ ಹೇಳದ ಮಾತುಗಳು ಬಂದವು. "ಪುಟುಲ್ ಸಸಿ ನೆಟ್ಟಾಗ ಮೇಕೆ ಎರಡು ಸಲ ತಿಂತು. ಪಾಪದ ಹುಡುಗಿ, ಮುರಿದ ಕೊಡೆಯ ಕಡ್ಡಿ ತಂದು ಸುತ್ತ ನೆಟ್ಟಳು."

ನಾನು ಹುಟ್ಟಿಸಿದ ಹುಡುಗಿಗೆ ಅವರು ತಮ್ಮ ಬದುಕಿನ ದಿನವೊಂದನ್ನು ಕೊಟ್ಟುಬಿಟ್ಟಿದ್ದರು.

"ಶೇಫಾಲಿದಿ, ಕೊಡೆಕಡ್ಡಿ ನೆಟ್ಟವರು ನೀವು," ಅಂದೆ. "ಪುಟುಲ್ ಅನ್ನೋಳು ಇರಲೇ ಇಲ್ಲ. ಕಥೆ ಕಟ್ಟಿದ್ದು ನಾನು. ಘಾಟಿನ ಅಜ್ಜಿ ಅಂದದ್ದೂ ಸುಳ್ಳು. ಮರ ನಿಮ್ಮದು."

ಅವರು ನನ್ನ ಕೈಮೇಲೆ ತಟ್ಟಿದರು. "ಹಾಗೆಲ್ಲ ಹೇಳಬಾರದು. ಮಕ್ಕಳಿಗೆ ಬೇಜಾರಾಗುತ್ತೆ."

ಇನ್ನೊಮ್ಮೆ ಹೇಳಿದೆ. ಅವರು ಸಂದೇಶ್ ಬಾಯಿಗಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು.

ಬಾಗಿಲ ಬಳಿ ಚಹಾ ಹಿಡಿದು ನಿಂತಿದ್ದ ಮೌ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಪ್ಪನ್ನು ನನಗೆ ಕೊಡಲಿಲ್ಲ. ಹೊರಗೆ ಬಂದಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ಆ ಮೀಟಿಂಗ್ ಆದ ದಿನ ಪಿಶಿ ಮನೆಗೆ ಬಂದು ಅತ್ರು. ನನಗೆ ತಲೆ ಕೆಡ್ತಾ ಇದೆಯಾ ಮೌ ಅಂತ ಕೇಳಿದ್ರು. ಇಲ್ಲ ಅನ್ನೋಕೆ ನನಗೂ ಧೈರ್ಯ ಬರಲಿಲ್ಲ. ಆಗ ನೀವು ಹೇಳಿದ್ರೆ ಅವರಿಗೆ ತಿಳೀತಿತ್ತು." ಬಾಗಿಲು ಹಾಕಿಕೊಂಡಳು. ಮತ್ತೆ ಬನ್ನಿ ಅನ್ನಲಿಲ್ಲ.

ಮಾರನೆಯ ದಿನ ಈಗಿನ ಹೆಡ್‌ಮಿಸ್ಟ್ರೆಸ್‌ಗೆ ಹೇಳಿದೆ. ಅವರಿಗೆ ಶೇಫಾಲಿದಿಯ ಪರಿಚಯವೇ ಇಲ್ಲ. "ಒಳ್ಳೆ ಕಥೆ ಅಲ್ವಾ ಸುಮಾದಿ, ಯಾರಿಗೇನು ತೊಂದರೆ? ಬೋರ್ಡ್ ವಿಷಯ ಕಮಿಟಿಯಲ್ಲಿ ನೋಡೋಣ" ಅಂದರು. ಇನ್ನೂ ನೋಡುತ್ತಿದ್ದಾರೆ.

ನನ್ನ ತರಗತಿಗೆ ಮಾತ್ರ ಅದೇ ದಿನ ಹೇಳಿಬಿಟ್ಟೆ. ಪುಟುಲ್ ಇರಲಿಲ್ಲ, ಶೇಫಾಲಿದಿ ಇದ್ದರು, ಇದ್ದಾರೆ ಎಂದು. ಒಬ್ಬಿಬ್ಬರು ಅತ್ತರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ನನ್ನನ್ನು ತುಂಬ ಹೊತ್ತು ನೋಡಿ ಕೇಳಿದಳು: "ಹಾಗಾದ್ರೆ ಬಾರಾನಗರದಲ್ಲಿ ಡಚ್ಚರು ಇದ್ರು, ಅವರ ಹಡಗು ಇಲ್ಲಿ ನಿಲ್ತಿತ್ತು ಅಂದ್ರಲ್ಲ ಮಿಸ್, ಅದೂ ನೀವೇ ಮಾಡಿದ್ದಾ?"

ಅಲ್ಲ ಅಂದೆ. ಅವಳು ನಂಬಲಿಲ್ಲ. ನಂಬಬೇಕಾಗಿಯೂ ಇಲ್ಲ. ಹಳೆಯ ನಕ್ಷೆಯ ಪ್ರತಿಯೊಂದನ್ನು ಹುಡುಕಿ ತಂದು ತೋರಿಸಿದೆ. ಈಗ ಯಾವ ಪಾಠ ಮಾಡಿದರೂ ಅವಳು ಕೈ ಎತ್ತುತ್ತಾಳೆ, ನಾನು ಆಧಾರ ತೋರಿಸುತ್ತೇನೆ. ತೋರಿಸಲಾಗದ ದಿನ ಪಾಠ ಅಲ್ಲಿಗೇ ನಿಲ್ಲುತ್ತದೆ. ಪಠ್ಯ ಹಿಂದೆ ಬಿದ್ದಿದೆ. ಬೇರೆ ತರಗತಿಯ ಮಕ್ಕಳು ಇಂದಿಗೂ ಪುಟುಲ್ ಹೆಸರು ಹೇಳಿಯೇ ನೀರು ಹಾಕುತ್ತಾರೆ.

ಇಷ್ಟನ್ನು ಬರೆದು ಮುಗಿಸುವಾಗ ಒಂದು ವಿಷಯ ಕಾಣುತ್ತಿದೆ. ಇದನ್ನು ನಾನು ಕನ್ನಡದಲ್ಲಿ ಬರೆದಿದ್ದೇನೆ. ಬಾರಾನಗರದಲ್ಲಿ ಇದನ್ನು ಓದಬಲ್ಲವರು ನನ್ನ ಮನೆಯವರು ಬಿಟ್ಟರೆ ಯಾರೂ ಇಲ್ಲ. ತಪ್ಪು ಮಾಡಿದ್ದು ಅವರಿಗೆ ತಿಳಿಯುವ ಭಾಷೆಯಲ್ಲಿ, ಅವರ ಅಂಗಳದಲ್ಲಿ. ಒಪ್ಪಿಕೊಳ್ಳುವುದು ಅವರಿಗೆ ತಿಳಿಯದ ಲಿಪಿಯಲ್ಲಿ — ಇದೂ ಒಂದು ಬಗೆಯ ಅಡಗುವಿಕೆಯೇ. ಇದನ್ನೆಲ್ಲ ಬಂಗಾಳಿಯಲ್ಲಿ ಮತ್ತೆ ಬರೆಯುತ್ತೇನೆ. ಶಾಲೆ ಶುರುವಾಗುವ ದಿನ, ಮಕ್ಕಳ ಮತ್ತು ತಾಯಂದಿರ ಮುಂದೆ ನಿಂತು ಓದುತ್ತೇನೆ, ಕಮಿಟಿ ಏನೇ ಹೇಳಲಿ. ಅದಕ್ಕೂ ಮುಂಚೆ ಮೌ ಓದಬೇಕು. ಬಾಗಿಲು ತೆಗೆದರೆ ಕೈಗೆ ಕೊಡುತ್ತೇನೆ. ತೆಗೆಯದಿದ್ದರೆ ಮತ್ತೆ ಹೋಗುತ್ತೇನೆ, ಎರಡೇ ಗಲ್ಲಿ.